ಹತ್ತೊಂಬತ್ತು ವರ್ಷದ ಎ.ಆರ್.ಟಿ., ಈಗ ಹೊಟ್ಟೆ ಮತ್ತು ಸಕ್ಕರೆ: ಇದರಲ್ಲಿ ಗುಳಿಗೆಯ ಪಾಲೆಷ್ಟು?

ಕೃಷ್ಣಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ ಈಗ 48 ವರ್ಷ, ಊರು ಉತ್ತರ ಕರ್ನಾಟಕದ್ದು. 2006ರಲ್ಲಿ ಎಚ್‌ಐವಿ ಇರುವುದು ತಿಳಿದಾಗ ನನ್ನ ಸಿಡಿ4 (ಮೈಯ ರೋಗನಿರೋಧಕ ಕಣಗಳ) ಎಣಿಕೆ 112 ಇತ್ತು, ತೂಕ 41 ಕಿಲೊಗೆ ಇಳಿದಿತ್ತು. ಅದೇ ವರ್ಷ ಸರ್ಕಾರಿ ಎ.ಆರ್.ಟಿ. (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಗಳ) ಕೇಂದ್ರದಲ್ಲಿ ಉಚಿತ ಚಿಕಿತ್ಸೆ ಶುರುವಾಯಿತು. ಆಗ ಕೊಟ್ಟದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಗುಳಿಗೆ. ಆರೇಳು ತಿಂಗಳಲ್ಲಿ ಹಾಸಿಗೆ ಬಿಟ್ಟೆದ್ದು ಹೊಲಕ್ಕೆ ಹೋಗುವಂತಾದೆ. ಆ ಉಪಕಾರವನ್ನು ನಾನು ಮರೆತಿಲ್ಲ.

ಆದರೆ ಮೂರನೆಯ ವರ್ಷದಿಂದ ಕೆನ್ನೆಗಳು ಗುಳಿಬಿದ್ದವು, ಕೈಕಾಲುಗಳ ರಕ್ತನಾಳಗಳು ಹಗ್ಗದಂತೆ ಎದ್ದು ಕಾಣತೊಡಗಿದವು, ರಾತ್ರಿ ಅಂಗಾಲು ಉರಿಯುತ್ತಿತ್ತು. ಮುಂದೆ ಸ್ಟಾವುಡಿನ್ ತೆಗೆದು ಜಿಡೊವುಡಿನ್ ಕೊಟ್ಟರು, 2014ರಲ್ಲಿ ಟಿ.ಎಲ್.ಇ. (ಟೆನೊಫೊವಿರ್, ಲ್ಯಾಮಿವುಡಿನ್, ಎಫವಿರೆಂಜ್ ಸೇರಿದ ಗುಳಿಗೆ) ಕೊಟ್ಟರು, 2021ರಿಂದ ಎಫವಿರೆಂಜ್ ಬದಲು ಡೊಲುಟೆಗ್ರಾವಿರ್ ಇರುವ ಟಿ.ಎಲ್.ಡಿ. ನುಂಗುತ್ತಿದ್ದೇನೆ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ಸಿನ ಪ್ರಮಾಣ) ಪ್ರತಿ ಸಲವೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿದೆ.

ಈಗಿನ ತೊಂದರೆ ಬೇರೆ. ಟಿ.ಎಲ್.ಡಿ. ಶುರುವಾದಾಗ 61 ಕಿಲೊ ಇದ್ದವನು ಈಗ 72 ಆಗಿದ್ದೇನೆ. ಕೆನ್ನೆ ಇನ್ನೂ ತುಂಬಿಲ್ಲ, ಕಾಲುಗಳು ಸಣ್ಣಗೇ ಇವೆ, ಹೊಟ್ಟೆ ಮಾತ್ರ ಗಟ್ಟಿಯಾಗಿ ಮುಂದೆ ಬಂದಿದೆ; ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಾಲ್ಕು ತಿಂಗಳ ಹಿಂದೆ ಬರಿಹೊಟ್ಟೆಯ ಸಕ್ಕರೆ 148, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.4, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 236 ಬಂದಿತು. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 0.9 ಇದ್ದದ್ದು ಟಿ.ಎಲ್.ಡಿ. ಶುರುವಾದ ಮೇಲೆ 1.1 ಆಗಿದೆ. ನನ್ನ ತಂದೆಗೂ ಸಕ್ಕರೆ ಕಾಯಿಲೆ ಇತ್ತೆಂಬುದನ್ನು ಹೇಳಬೇಕು.

ಸಕ್ಕರೆಗಾಗಿ ತಾಲ್ಲೂಕಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ನನ್ನ ಎಚ್‌ಐವಿ ವಿಷಯವನ್ನು ಹೇಳಲಿಲ್ಲ, ಹೇಳುವ ಧೈರ್ಯವಾಗಲಿಲ್ಲ. ಮೊದಲು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬರೆದರು, ಎರಡು ತಿಂಗಳಾದ ಮೇಲೆ ಅದನ್ನು 1000 ಮಿಲಿಗ್ರಾಂ ಎರಡು ಬಾರಿಗೆ ಏರಿಸಿದರು. ಏರಿಸಿದಂದಿನಿಂದ ಭೇದಿ, ವಾಕರಿಕೆ, ಊಟ ಸೇರದು. ನನ್ನ ಹಾಗೆಯೇ ಗುಳಿಗೆ ತೆಗೆದುಕೊಳ್ಳುವ ಗೆಳೆಯರೊಬ್ಬರು, “ವೈರಸ್ ಕಾಣುತ್ತಲೇ ಇಲ್ಲವಲ್ಲ, ಆರು ತಿಂಗಳು ಗುಳಿಗೆ ಬಿಟ್ಟು ನೋಡು, ಹೊಟ್ಟೆಯೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ” ಎನ್ನುತ್ತಾರೆ. ನನಗೆ ಬಂದಿರುವುದು ಗುಳಿಗೆಯಿಂದಲೋ, ವಯಸ್ಸಿನಿಂದಲೋ, ವಂಶದಿಂದಲೋ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಮೈಸೂರು ಕಡೆಯ ವೈದ್ಯ:

ಎಲ್ಲಕ್ಕಿಂತ ಮೊದಲು ಮೆಟ್‌ಫಾರ್ಮಿನ್ ವಿಷಯ, ಏಕೆಂದರೆ ಅದು ನಾಳೆಗೆ ಕಾಯುವಂಥದ್ದಲ್ಲ. ಡೊಲುಟೆಗ್ರಾವಿರ್ ಮೂತ್ರಪಿಂಡದಲ್ಲಿ ಮೆಟ್‌ಫಾರ್ಮಿನ್ ಹೊರಹೋಗುವ ಬಾಗಿಲನ್ನು ಭಾಗಶಃ ಮುಚ್ಚುತ್ತದೆ. ಇದರಿಂದಾಗಿ ದಿನಕ್ಕೊಂದು ಡೊಲುಟೆಗ್ರಾವಿರ್ ನುಂಗುವವರ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಮುಕ್ಕಾಲು ಪಾಲಿಗಿಂತಲೂ ತುಸು ಹೆಚ್ಚಾಗುತ್ತದೆ, ಅಳತೆಯಲ್ಲಿ ಹೇಳುವುದಾದರೆ ಸುಮಾರು 79 ಶೇಕಡ. ಅಂದರೆ ನೀವು ನುಂಗುತ್ತಿರುವ 2000 ಮಿಲಿಗ್ರಾಂ ನಿಮ್ಮ ಮೈಯೊಳಗೆ 3500ರ ಆಸುಪಾಸಿನ ಕೆಲಸ ಮಾಡುತ್ತಿದೆ. ಭೇದಿ ಮತ್ತು ವಾಕರಿಕೆಗೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ಸರಿಪಡಿಸಬೇಕು. ಡೊಲುಟೆಗ್ರಾವಿರ್ ಜೊತೆಯಲ್ಲಿ ಮೆಟ್‌ಫಾರ್ಮಿನ್ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ದಾಟಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ನಾಳೆಯೇ ನಿಮ್ಮ ಎ.ಆರ್.ಟಿ. ಕೇಂದ್ರಕ್ಕೆ ಆ ಚೀಟಿಯನ್ನೂ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಭೇದಿಯ ಜೊತೆಗೆ ಏದುಸಿರು ಅಥವಾ ವಿಪರೀತ ಸುಸ್ತು ಕಂಡರೆ ನಾಳೆಯವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ಬಿಡುವುದೇ ಆದರೆ ಮೆಟ್‌ಫಾರ್ಮಿನನ್ನು ಬಿಡಬಹುದು, ಟಿ.ಎಲ್.ಡಿ.ಯನ್ನು ಮಾತ್ರ ಬಿಡಬೇಡಿ.

ಮೆಟ್‌ಫಾರ್ಮಿನ್ ಕೆಟ್ಟ ಮಾತ್ರೆಯೆಂದು ಇದರ ಅರ್ಥವಲ್ಲ. ನಿಮ್ಮಂಥವರಿಗೆ ಮೊದಲು ಕೊಡಬೇಕಾದ ಮಾತ್ರೆ ಅದೇ, ಪ್ರಮಾಣ ಮಾತ್ರ ಮಿತಿಯೊಳಗಿರಬೇಕು. ಅಷ್ಟರಲ್ಲಿ ಸಕ್ಕರೆ ಹಿಡಿತಕ್ಕೆ ಬರದಿದ್ದರೆ ಅದನ್ನು ಏರಿಸುವ ಬದಲು ಇನ್ನೊಂದು ಬಗೆಯ ಮಾತ್ರೆ ಸೇರಿಸುತ್ತಾರೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ‘ಎ.ಆರ್.ಟಿ.ಯ ಅಡ್ಡ ಪರಿಣಾಮ’ ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಗೊಂದಲ ಹುಟ್ಟುತ್ತದೆ. ನೀವು ಹತ್ತೊಂಬತ್ತು ವರ್ಷಗಳಲ್ಲಿ ಕನಿಷ್ಠ ಆರು ಬೇರೆ ಬೇರೆ ಔಷಧಗಳನ್ನು ನುಂಗಿದ್ದೀರಿ, ಒಂದೊಂದರ ಗುಣವೂ ದೋಷವೂ ಬೇರೆ, ಮತ್ತು ನಿಮ್ಮ ಮೈಮೇಲೆ ಈಗ ಕಾಣುತ್ತಿರುವುದು ಹಳೆಯ ಔಷಧದ ಗುರುತು ಮತ್ತು ಹೊಸ ಔಷಧದ ಗುರುತು ಎರಡೂ ಒಂದರ ಮೇಲೊಂದು ಬಿದ್ದ ಚಿತ್ರ.

ಕೆನ್ನೆ ಮತ್ತು ಕಾಲು ಬತ್ತಿದ್ದು ಸ್ಟಾವುಡಿನ್‌ನಿಂದ. ನಮ್ಮ ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಎಂಬ ಕಣಗಳಿಗೆ ಅವುಗಳದೇ ಆದ ಡಿಎನ್‌ಎ ಇದೆ. ಆ ಡಿಎನ್‌ಎಯ ಪ್ರತಿ ಮಾಡುವ ಪಾಲಿಮರೇಸ್ ಗಾಮಾ ಎಂಬ ಕಿಣ್ವವನ್ನು ಸ್ಟಾವುಡಿನ್ ತಡೆಯುತ್ತದೆ. ವೈರಸ್ಸಿನ ಕಿಣ್ವವನ್ನು ಹೊಡೆಯಲು ಹೋದ ಔಷಧ ನಮ್ಮದನ್ನೂ ತಾಗುತ್ತದೆ ಎನ್ನಬಹುದು. ಚರ್ಮದಡಿಯ ಕೊಬ್ಬಿನ ಕೋಶಗಳು ಮೊದಲು ಸಾಯುತ್ತವೆ, ನರದ ತುದಿಗಳು ಉರಿಯುತ್ತವೆ, ಕೆಲವರಲ್ಲಿ ರಕ್ತಕ್ಕೆ ಲ್ಯಾಕ್ಟಿಕ್ ಆಮ್ಲ ಏರಿ ಪ್ರಾಣಕ್ಕೇ ಕುತ್ತಾಗುತ್ತಿತ್ತು. ಜಿಡೊವುಡಿನ್ ಕೂಡ ಇದೇ ದಾರಿಯದು, ಆದರೆ ಕೊಬ್ಬಿನ ಮೇಲೆ ಅಷ್ಟು ಕಠೋರವಲ್ಲ. ಅದರ ಮುಖ್ಯ ದೋಷ ರಕ್ತಹೀನತೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸ್ಟಾವುಡಿನ್ ಪ್ರಮಾಣವನ್ನು ಎಲ್ಲರಿಗೂ 30 ಮಿಲಿಗ್ರಾಂಗೆ ಇಳಿಸಲು ಹೇಳಿತು, 2009ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡಿ ಎಂದಿತು. ಹೋದ ಕೊಬ್ಬು ಔಷಧ ಬದಲಾದ ಮೇಲೆ ಮರಳುತ್ತದೆ, ಆದರೆ ಬಹಳ ನಿಧಾನ, ಮತ್ತು ಕೆನ್ನೆಯ ಕೊಬ್ಬು ಪೂರ್ತಿಯಾಗಿ ಬರುವುದು ಅಪರೂಪ. ಇಷ್ಟು ವರ್ಷದ ಮೇಲೂ ನಿಮ್ಮ ಕೆನ್ನೆ ಹಾಗೆಯೇ ಇದ್ದರೆ ಅದು ಈಗಿನ ಔಷಧದ ತಪ್ಪಲ್ಲ, ಈಗಿನ ಔಷಧ ಅದನ್ನು ಹೆಚ್ಚಿಸುವುದೂ ಇಲ್ಲ.

ತೂಕದ ಮಾತು ಬೇರೆ. ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರ ತೂಕ ಏರುವುದು ಇಂದು ಸಂಶಯಾತೀತ. ದಕ್ಷಿಣ ಆಫ್ರಿಕದಲ್ಲಿ ನಡೆದ ಅಡ್ವಾನ್ಸ್ ಎಂಬ ಪ್ರಯೋಗದಲ್ಲಿ, ಹೊಸದಾಗಿ ಚಿಕಿತ್ಸೆ ಶುರುಮಾಡಿದವರನ್ನು 96 ವಾರ ಗಮನಿಸಿದಾಗ, ಎಫವಿರೆಂಜ್ ಗುಂಪಿನವರು ಸರಾಸರಿ ಸುಮಾರು 2 ಕಿಲೊ, ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಜೊತೆ ಡೊಲುಟೆಗ್ರಾವಿರ್ ಪಡೆದವರು ಸುಮಾರು 4 ಕಿಲೊ, ಟೆನೊಫೊವಿರ್‌ನ ಹೊಸ ರೂಪವಾದ ಅಲಫೆನಮೈಡ್ ಜೊತೆ ಪಡೆದವರು ಸುಮಾರು 7 ಕಿಲೊ ಏರಿದರು; ಹೆಂಗಸರಲ್ಲಿ ಏರಿಕೆ ಗಂಡಸರಿಗಿಂತ ಹೆಚ್ಚು. ಇದರ ಒಂದು ಪಾಲು ಕಾಯಿಲೆ ಇಳಿದು ಮೈ ಮೊದಲಿನ ಸ್ಥಿತಿಗೆ ಬರುವುದರದು. ಇನ್ನೊಂದು ಪಾಲು, ತೂಕವನ್ನು ತಾನಾಗಿಯೇ ಅದುಮಿಡುವ ಗುಣವಿರುವ ಎಫವಿರೆಂಜ್ ಇಲ್ಲದ್ದರದು. ನಿಮ್ಮದು ಹೊಸ ಚಿಕಿತ್ಸೆಯಲ್ಲ, ಟಿ.ಎಲ್.ಇ.ಯಿಂದ ಬದಲಾದದ್ದು, ಆದ್ದರಿಂದ ಅಂಕಿಗಳನ್ನು ನೇರವಾಗಿ ನಿಮಗೆ ಹೊಂದಿಸಬಾರದು. ಆದರೂ ನಾಲ್ಕು ವರ್ಷದಲ್ಲಿ ಏರಿದ ನಿಮ್ಮ 11 ಕಿಲೊದಲ್ಲಿ ಎಲ್ಲವನ್ನೂ ಗುಳಿಗೆಯ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ.

ಸಕ್ಕರೆಗೆ ಮೂರು ಕಾರಣಗಳೂ ಕೂಡಿವೆ. ತಂದೆಯಿಂದ ಬಂದ ಒಲವು ಇದೆ. ಭಾರತೀಯರಿಗೆ ಗಂಡಸರಲ್ಲಿ ಸೊಂಟ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಅಪಾಯವೆಂದು ಎಣಿಸುತ್ತೇವೆ, ನಿಮ್ಮದು 98. ಬೆರಳಿನಿಂದ ಹಿಡಿಯಲು ಸಿಗುವ ಮೆದು ಕೊಬ್ಬು ಚರ್ಮದಡಿಯದು. ಗಟ್ಟಿಯಾಗಿ ಮುಂದೆ ಬಂದ ಹೊಟ್ಟೆಯ ಕೊಬ್ಬು ಕರುಳು, ಯಕೃತ್ತಿನ ಸುತ್ತ ಕೂತದ್ದು, ಇನ್ಸುಲಿನ್ ಕೆಲಸಕ್ಕೆ ಅಡ್ಡಬರುವುದು ಹೆಚ್ಚಾಗಿ ಅದೇ. ಕೈಕಾಲಿನ ಕೊಬ್ಬು ಹೋದವರಲ್ಲಿ ಹೆಚ್ಚುವರಿ ಕೊಬ್ಬನ್ನು ಇಡಲು ಸುರಕ್ಷಿತ ಜಾಗ ಕಡಿಮೆಯಾದ್ದರಿಂದ ಅದು ಯಕೃತ್ತು, ಸ್ನಾಯುಗಳಿಗೆ ಸೇರುತ್ತದೆ. ಹೀಗೆ 2009ರ ಸ್ಟಾವುಡಿನ್ ಇಂದಿನ ಸಕ್ಕರೆಗೂ ಒಂದು ಎಳೆ ಜೋಡಿಸಿರುವ ಸಾಧ್ಯತೆ ಇದೆ. ಡೊಲುಟೆಗ್ರಾವಿರ್ ಶುರುವಾದ ಕೆಲವೇ ತಿಂಗಳಲ್ಲಿ ಸಕ್ಕರೆ ಒಮ್ಮೆಲೇ ವಿಪರೀತ ಏರಿದ ಪ್ರಸಂಗಗಳು ಉಗಾಂಡದಿಂದ ವರದಿಯಾಗಿವೆ, ಆದರೆ ನಾಲ್ಕು ವರ್ಷದ ಮೇಲೆ 148 ಬಂದ ನಿಮ್ಮ ಕತೆ ಆ ಬಗೆಯದಲ್ಲ.

ಕ್ರಿಯಾಟಿನಿನ್ ಬಗ್ಗೆ ಹೆಚ್ಚು ಹೆದರಬೇಡಿ. ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಹೋಗುವುದನ್ನು ಸ್ವಲ್ಪ ತಡೆಯುವುದರಿಂದ ಮೊದಲ ಕೆಲವು ವಾರಗಳಲ್ಲಿ 0.1ರಿಂದ 0.2ರಷ್ಟು ಏರಿ ಅಲ್ಲಿಯೇ ನಿಲ್ಲುತ್ತದೆ. ಮೂತ್ರಪಿಂಡ ಸೋಸುವ ಶಕ್ತಿ ಕುಗ್ಗಿರುವುದಿಲ್ಲ. ನಿಲ್ಲದೆ ಏರುತ್ತಾ ಹೋದರೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಅಥವಾ ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ, ಅದು ಟೆನೊಫೊವಿರ್ ಮೂತ್ರಪಿಂಡದ ನಾಳಗಳಿಗೆ ಮಾಡುತ್ತಿರುವ ಹಾನಿಯಿರಬಹುದು. ಸಕ್ಕರೆ ಕಾಯಿಲೆಯೂ ಮೂತ್ರಪಿಂಡಕ್ಕೆ ಹೊರೆಯಾದ್ದರಿಂದ ಇನ್ನು ಮುಂದೆ ಕ್ರಿಯಾಟಿನಿನ್ ಜೊತೆಗೆ ಮೂತ್ರ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ನಿವೃತ್ತ ಆಪ್ತಸಮಾಲೋಚಕಿ:

ನಾನು ಎ.ಆರ್.ಟಿ. ಕೇಂದ್ರವೊಂದರಲ್ಲಿ ಬಹಳ ವರ್ಷ ಆಪ್ತಸಮಾಲೋಚಕಿಯಾಗಿದ್ದೆ. ನಿಮ್ಮ ಕೆನ್ನೆಯ ಮಾತನ್ನು ಓದಿದಾಗ ಆ ದಿನಗಳ ನೂರಾರು ಮುಖಗಳು ಕಣ್ಣ ಮುಂದೆ ಬಂದವು.

ಸ್ಟಾವುಡಿನ್ ಏಕೆ ಕೊಟ್ಟರು ಎಂದು ಇಂದು ಕೇಳುವವರಿದ್ದಾರೆ, ಆ ಸಿಟ್ಟು ನ್ಯಾಯವಾದದ್ದು. ಆದರೆ ಆ ಕಾಲವನ್ನೂ ನೆನೆಯಬೇಕು. 2001ರಲ್ಲಿ ಸಿಪ್ಲಾ ಕಂಪನಿ ಈ ಮೂರು ಔಷಧಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಹೇಳುವ ತನಕ ಈ ಚಿಕಿತ್ಸೆ ಬಡವರ ಕನಸಿನಲ್ಲೂ ಇರಲಿಲ್ಲ. 2004ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಉಚಿತ ಎ.ಆರ್.ಟಿ. ಶುರುವಾದಾಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿ ಮೊದಲ ಸಾಲಿನಲ್ಲಿತ್ತು. ಜನರನ್ನು ಹೊತ್ತು ತರುತ್ತಿದ್ದರು. ಅವರು ನಡೆದು ಮನೆಗೆ ಹೋಗುವಂತೆ ಮಾಡಿದ್ದು ಇದೇ ಗುಳಿಗೆ. ಅದೇ ಗುಳಿಗೆ ಮೂರು ವರ್ಷದ ಮೇಲೆ ಅವರ ಗುಟ್ಟನ್ನು ಮುಖದ ಮೇಲೆ ಬರೆದದ್ದು ಬಲು ದೊಡ್ಡ ನೋವು. ಗುಳಿಬಿದ್ದ ಕೆನ್ನೆಯನ್ನು ನೋಡಿ ಊರವರು ಕಾಯಿಲೆಯ ಹೆಸರು ಹೇಳುತ್ತಿದ್ದ ಕಾಲವದು. ಕೂರಲು ಪೃಷ್ಠದಲ್ಲಿ ಕೊಬ್ಬೇ ಉಳಿಯದೆ, ಬಸ್ಸಿನ ಸೀಟಿನ ಮೇಲೆ ಶಾಲು ಮಡಚಿ ಹಾಕಿಕೊಂಡು ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ತಾಯಿ ನನಗೆ ಇಂದಿಗೂ ನೆನಪಿದ್ದಾರೆ. ಸಿಡಿ4 ಚೆನ್ನಾಗಿದೆ, ಮತ್ತೇನು ತೊಂದರೆ ಎಂದು ನಾವು ಕೇಳುತ್ತಿದ್ದೆವು. ಅವರ ತೊಂದರೆ ನಮ್ಮ ಕಾಗದದಲ್ಲಿ ಬರೆಯುವ ಜಾಗವಿಲ್ಲದ ತೊಂದರೆಯಾಗಿತ್ತು.

ಈಗ ನಿಮಗೆ ನಾನು ಹೇಳಲೇಬೇಕಾದದ್ದು ಒಂದೇ. ಸಕ್ಕರೆಯ ವೈದ್ಯರಿಗೆ ನಿಮ್ಮ ಗುಳಿಗೆಯ ಹೆಸರು ತಿಳಿಯದೆ ಅವರು ಸರಿಯಾದ ಚಿಕಿತ್ಸೆ ಕೊಡಲಾರರು. ಮೇಲಿನ ವೈದ್ಯರು ಹೇಳಿದ ಪ್ರಮಾಣದ ತಪ್ಪು ಆಗಿದ್ದು ಆ ಒಂದು ಮೌನದಿಂದ. ನಿಮ್ಮನ್ನು ದೂರುತ್ತಿಲ್ಲ, ಆ ಮೌನಕ್ಕೆ ಏನು ಕಾರಣವೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆಯೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಅದರ ಪ್ರಕಾರ ನಿಷಿದ್ಧ, ಖಾಸಗಿ ಆಸ್ಪತ್ರೆಗೂ ಅದು ಅನ್ವಯಿಸುತ್ತದೆ; ಚಿಕಿತ್ಸೆಯ ಸಂಬಂಧದಲ್ಲಿ ತಿಳಿದ ನಿಮ್ಮ ಸ್ಥಿತಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಊರಿಗೆ ಹೇಳುವಂತಿಲ್ಲ. ಕಾಯ್ದೆ ಇದ್ದ ಮಾತ್ರಕ್ಕೆ ಎಲ್ಲರೂ ನಡೆಯುತ್ತಾರೆಂದು ನಾನು ಹೇಳಲಾರೆ. ಆ ಕ್ಲಿನಿಕ್ಕಿನ ಮೇಲೆ ನಂಬಿಕೆ ಬಾರದಿದ್ದರೆ, ಎ.ಆರ್.ಟಿ. ಕೇಂದ್ರದ ವೈದ್ಯಾಧಿಕಾರಿಯಿಂದಲೇ ಅದೇ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಉಚಿತವಾಗಿಯೇ ಸಿಗುತ್ತವೆ, ಅಲ್ಲಿ ನಿಮ್ಮ ಹಸಿರು ಪುಸ್ತಕವನ್ನು (ಎ.ಆರ್.ಟಿ. ಚಿಕಿತ್ಸೆಯ ದಾಖಲೆ ಪುಸ್ತಕ) ಬಚ್ಚಿಡಬೇಕಾಗಿಲ್ಲ. ದಾರಿ ತೋಚದಿದ್ದರೆ 1097 ಸಹಾಯವಾಣಿಗೆ ಕರೆಮಾಡಿ, ಅದು ಉಚಿತ.

ಎರಡನೆಯ ಸಾಲಿನವನು:

ನಾನು ಹತ್ತು ವರ್ಷದಿಂದ ಎರಡನೆಯ ಸಾಲಿನ, ಅಂದರೆ ಮೊದಲ ಔಷಧಗಳು ಫಲಿಸದಾಗ ಕೊಡುವ ಚಿಕಿತ್ಸೆಯಲ್ಲಿದ್ದೇನೆ. ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಔಷಧಗಳನ್ನು ನುಂಗುವವರೂ ಈ ಚರ್ಚೆಯನ್ನು ಓದಬಹುದೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಲೆಕ್ಕ ಸ್ವಲ್ಪ ಬೇರೆ.

ಮೊದಲು ನನಗೆ ಲೊಪಿನಾವಿರ್-ರಿಟೊನಾವಿರ್ ಕೊಟ್ಟಿದ್ದರು. ಎರಡು ವರ್ಷದಲ್ಲಿ ಟ್ರೈಗ್ಲಿಸರೈಡ್ 640ಕ್ಕೆ ಹೋಯಿತು. ಅಷ್ಟು ಏರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆಯೆಂದು ಆಗ ನನಗೆ ತಿಳಿದಿರಲಿಲ್ಲ. ನಾನು ಕೂಡ ನಿಮ್ಮ ಹಾಗೆಯೇ ಹೊರಗಿನ ಒಬ್ಬರಲ್ಲಿ ತೋರಿಸಿ, ಅವರು ಬರೆದ ಸಿಮ್ವಾಸ್ಟಾಟಿನ್ (ರಕ್ತದ ಕೊಬ್ಬು ಇಳಿಸುವ ಸ್ಟಾಟಿನ್ ಬಗೆಯ ಮಾತ್ರೆ) ನುಂಗಿದೆ. ಹತ್ತು ದಿನದೊಳಗೆ ತೊಡೆ, ಹೆಗಲು ಹಿಂಡಿದ ಹಾಗೆ ನೋವು, ಮೆಟ್ಟಿಲು ಹತ್ತಲಾಗದು, ಮೂತ್ರ ಕಂದುಬಣ್ಣಕ್ಕೆ ತಿರುಗಿತು. ತಿಂಗಳ ಗುಳಿಗೆಗೆಂದು ಕೇಂದ್ರಕ್ಕೆ ಹೋದಾಗ ಅಲ್ಲಿನ ಔಷಧ ವಿತರಕರು ನನ್ನ ನಡಿಗೆ ನೋಡಿ, “ಬೇರೆ ಏನು ಮಾತ್ರೆ ತಗೊಳ್ತಾ ಇದ್ದೀರಿ?” ಎಂದು ಕೇಳಿದರು. ಆ ಒಂದು ಪ್ರಶ್ನೆ ನನ್ನ ಮೂತ್ರಪಿಂಡವನ್ನು ಉಳಿಸಿತು. ರಿಟೊನಾವಿರ್ ಯಕೃತ್ತಿನಲ್ಲಿ ಸಿಮ್ವಾಸ್ಟಾಟಿನ್ ಕರಗಿಹೋಗದಂತೆ ತಡೆದು ರಕ್ತದಲ್ಲಿ ಅದನ್ನು ಹಲವು ಪಟ್ಟು ಏರಿಸುತ್ತದೆ, ಸ್ನಾಯುಗಳು ಕರಗಲು ಶುರುವಾಗುತ್ತವೆ. ಸಿಮ್ವಾಸ್ಟಾಟಿನ್ ಮತ್ತು ಲೊವಾಸ್ಟಾಟಿನ್ ಎರಡನ್ನೂ ರಿಟೊನಾವಿರ್ ಇರುವವರು ಮುಟ್ಟಲೇಬಾರದು. ಆಸ್ತಮಾದವರು ಎಳೆಯುವ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ ಕೂಡ ಇದೇ ಕಾರಣಕ್ಕೆ ಮೈಯಲ್ಲಿ ಶೇಖರವಾಗಿ ಮುಖ ಊದಿ, ಸಕ್ಕರೆ ಏರಿಸುತ್ತದೆಂದು ಆಮೇಲೆ ತಿಳಿದೆ.

ಬಳಿಕ ಲೊಪಿನಾವಿರ್ ತೆಗೆದು ಅಟಜಾನಾವಿರ್ ಕೊಟ್ಟರು, ಟ್ರೈಗ್ಲಿಸರೈಡ್‌ಗೆ ಫೆನೊಫೈಬ್ರೇಟ್ ಬರೆದರು. ಒಂದು ವರ್ಷದಲ್ಲಿ 210ಕ್ಕೆ ಇಳಿಯಿತು. ಅಟಜಾನಾವಿರ್‌ನಿಂದ ಕಣ್ಣು ಹಳದಿಯಾಯಿತು. ಮನೆಯವರು ಕಾಮಾಲೆಯೆಂದು ಹೆದರಿ ಸೊಪ್ಪಿನ ರಸ ಕುಡಿಸಲು ಹೊರಟಿದ್ದರು. ರಕ್ತದಲ್ಲಿನ ಬಿಲಿರುಬಿನ್ ಎಂಬ ಹಳದಿ ವಸ್ತುವಿನ ಸಂಸ್ಕರಣೆ ಸ್ವಲ್ಪ ನಿಧಾನವಾಗುವುದರಿಂದ ಬರುವ ಹಳದಿ ಅದು, ಯಕೃತ್ತಿಗೆ ಹಾನಿಯಲ್ಲ ಎಂದು ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಟ್ಟರು.

ಗುಳಿಗೆ ಬಿಟ್ಟು ನೋಡು ಎಂದ ನಿಮ್ಮ ಗೆಳೆಯರ ಮಾತಿಗೆ ನನ್ನ ಬದುಕೇ ಉತ್ತರ. ನಾನು ಎರಡನೆಯ ಸಾಲಿಗೆ ಬಂದದ್ದು ಏಕೆಂದರೆ, 2012ರಲ್ಲಿ ಚೆನ್ನಾಗಿದ್ದೇನೆಂದು ನಾಲ್ಕು ತಿಂಗಳು ಬಿಟ್ಟೆ, ಆಮೇಲೂ ಸರಿಯಾಗಿ ನುಂಗಲಿಲ್ಲ, ಮೊದಲಿನ ಔಷಧಗಳು ಕೆಲಸ ಮಾಡುವುದನ್ನು ನಿಲ್ಲಿಸಿದವು.

ಹಳೆಯ ಮೈಸೂರು ಕಡೆಯ ವೈದ್ಯ:

ಗುಳಿಗೆ ಬಿಡುವ ಮಾತಿಗೆ ನಾನು ಮೊದಲೇ ಉತ್ತರಿಸಬೇಕಿತ್ತು, ಮೇಲಿನವರು ನೆನಪಿಸಿದರು. ಈ ಪ್ರಶ್ನೆಯನ್ನು ವೈದ್ಯಲೋಕವೂ ಗಂಭೀರವಾಗಿಯೇ ಕೇಳಿಕೊಂಡಿತ್ತು. ಔಷಧದ ಹೊರೆ ತಗ್ಗಿದರೆ ಹೃದಯಕ್ಕೆ ಒಳಿತಾಗಬಹುದೆಂಬ ನಿರೀಕ್ಷೆಯಿಂದ ಸ್ಮಾರ್ಟ್ ಎಂಬ ಅಧ್ಯಯನದಲ್ಲಿ 5472 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಿಡಿ4 ಚೆನ್ನಾಗಿರುವವರೆಗೆ ಔಷಧ ನಿಲ್ಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಗೆ ತದ್ವಿರುದ್ಧ: ನಿಲ್ಲಿಸಿದವರಲ್ಲಿ ಸಾವು ಮತ್ತು ನಿರೋಧಕ ಶಕ್ತಿ ಕುಂದಿದಾಗ ಬರುವ ಕಾಯಿಲೆಗಳು ಎರಡು ಪಟ್ಟಿಗಿಂತ ಹೆಚ್ಚು, ಅಷ್ಟೇ ಅಲ್ಲದೆ ಹೃದಯ, ಮೂತ್ರಪಿಂಡ, ಯಕೃತ್ತಿನ ಗಂಭೀರ ಕಾಯಿಲೆಗಳೂ ಹೆಚ್ಚಾದವು. ಅಂಕುಶವಿಲ್ಲದ ವೈರಸ್ ರಕ್ತನಾಳದ ಒಳಗೋಡೆಗೆ ಮಾಡುವ ಉರಿಯೂತ, ಔಷಧ ಮಾಡುವ ಹಾನಿಗಿಂತ ಬಹಳ ದೊಡ್ಡದು. ನಿಮ್ಮ ಗೆಳೆಯರಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ. ಅವರು ತಾವೇ ಬಿಟ್ಟಿದ್ದಾರೇನೋ ಎಂಬ ಆತಂಕ ನನಗಿದೆ.

ಹಾಗಾದರೆ ಡೊಲುಟೆಗ್ರಾವಿರ್ ಬದಲಿಸಿ ಹಿಂದಿನ ಎಫವಿರೆಂಜ್‌ಗೆ ಮರಳಬಹುದೇ ಎಂದರೆ, ಕೇವಲ ತೂಕದ ಕಾರಣಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಮರಳಿದರೂ ಏರಿದ ತೂಕ ತಾನಾಗಿ ಇಳಿಯುತ್ತದೆಂಬ ಭರವಸೆಯಿಲ್ಲ, ಎಫವಿರೆಂಜ್ ಕೊಲೆಸ್ಟರಾಲ್ ಏರಿಸುತ್ತದೆ, ವೈರಸ್ ಪ್ರತಿರೋಧ ಬೆಳೆಸಿಕೊಳ್ಳುವುದಕ್ಕೆ ಡೊಲುಟೆಗ್ರಾವಿರ್ ಒಡ್ಡುವ ತಡೆಗೋಡೆ ಅದಕ್ಕಿಲ್ಲ.

ಜಿಡೊವುಡಿನ್ ಮೇಲೆ ಇನ್ನೂ ಇರುವ ಓದುಗರಿಗೆ ಒಂದು ಮಾತು. ಆ ಔಷಧ ಕೆಂಪು ರಕ್ತಕಣಗಳನ್ನು ಹಿಗ್ಗಿಸುವುದರಿಂದ ಎಚ್‌ಬಿಎ1ಸಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು; ಅಂಥವರು ಬರಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನೇ ನಂಬಬೇಕು.

ಕಡಲಾಚೆಯ ಕನ್ನಡಿಗ:

ನಾನು ಅಮೆರಿಕದಲ್ಲಿ ನೆಲೆಸಿ ಹದಿನೇಳು ವರ್ಷವಾಯಿತು, ಇಲ್ಲಿಯೇ ಚಿಕಿತ್ಸೆ ಪಡೆಯುತ್ತಿದ್ದೇನೆ, ವಯಸ್ಸು 52. ಕಳೆದ ವರ್ಷ ನನ್ನ ವೈದ್ಯರು ಕೊಲೆಸ್ಟರಾಲ್ ವಿಶೇಷ ಏರದಿದ್ದರೂ ಸ್ಟಾಟಿನ್ ಮಾತ್ರೆ ಶುರುಮಾಡಿದರು. ಅದಕ್ಕೆ ಆಧಾರ 2023ರಲ್ಲಿ ಪ್ರಕಟವಾದ ರಿಪ್ರೀವ್ ಎಂಬ ಅಧ್ಯಯನ. ಎಚ್‌ಐವಿ ಇರುವ, 40ರಿಂದ 75 ವಯಸ್ಸಿನ, ಹೃದಯದ ಅಪಾಯ ಸಾಧಾರಣ ಅಥವಾ ಕಡಿಮೆ ಇದ್ದ 7769 ಜನರಿಗೆ ಪಿಟಾವಾಸ್ಟಾಟಿನ್ 4 ಮಿಲಿಗ್ರಾಂ ಇಲ್ಲವೇ ಹುಸಿ ಮಾತ್ರೆ ಕೊಟ್ಟು ನೋಡಿದಾಗ, ಪಿಟಾವಾಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ದೊಡ್ಡ ಘಟನೆಗಳು 35 ಶೇಕಡ ಕಡಿಮೆಯಾದವು. ಸಕ್ಕರೆ ಕಾಯಿಲೆ ಮಾತ್ರ ಆ ಗುಂಪಿನಲ್ಲಿ ತುಸು ಹೆಚ್ಚು ಕಂಡಿತು. ಭಾರತದಲ್ಲಿ ಇದನ್ನು ಹೇಗೆ ಅನ್ವಯಿಸುತ್ತಾರೆ ಎಂದು ವೈದ್ಯರು ತಿಳಿಸಿದರೆ ಉಪಕಾರ.

ಹಳೆಯ ಮೈಸೂರು ಕಡೆಯ ವೈದ್ಯ:

ಪ್ರಶ್ನೆ ಕೇಳಿದವರಿಗೆ ಆ ಅಧ್ಯಯನದ ಅಗತ್ಯವೇ ಇಲ್ಲ; 40 ದಾಟಿದ, ಸಕ್ಕರೆ ಕಾಯಿಲೆ ಇರುವ ಯಾರಿಗಾದರೂ ಸ್ಟಾಟಿನ್ ಕೊಡುವುದು ಸಾಮಾನ್ಯ ನಿಯಮ, ಎಚ್‌ಐವಿ ಇರಲಿ ಇಲ್ಲದಿರಲಿ. ಟಿ.ಎಲ್.ಡಿ. ಜೊತೆಯಲ್ಲಿ ಅಟೊರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್ ನಿರಾತಂಕವಾಗಿ ತೆಗೆದುಕೊಳ್ಳಬಹುದು, ಎರಡೂ ಅಗ್ಗದ ಮಾತ್ರೆಗಳು. ರಿಟೊನಾವಿರ್ ಮೇಲಿರುವವರಿಗೆ ಅವನ್ನೂ ಕಡಿಮೆ ಪ್ರಮಾಣದಲ್ಲಿ, ಕೇಂದ್ರದ ವೈದ್ಯರನ್ನು ಕೇಳಿಯೇ ಕೊಡಬೇಕು. ಬೀಡಿ, ಸಿಗರೇಟು ಸೇದುವವರಾದರೆ ಅದನ್ನು ಬಿಡುವುದು ಹೃದಯಕ್ಕೆ ಯಾವ ಮಾತ್ರೆಗಿಂತಲೂ ಕಡಿಮೆಯದಲ್ಲ.

ಕೃಷ್ಣಾತೀರ:

ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನು ಮಾಡಿಯೇ ಬರೆಯಬೇಕೆಂದಿತ್ತು. ಮರುದಿನವೇ ಕೇಂದ್ರಕ್ಕೆ ಹೋಗಿ ಚೀಟಿ ತೋರಿಸಿದೆ. ವೈದ್ಯಾಧಿಕಾರಿಗಳು ಮೆಟ್‌ಫಾರ್ಮಿನ್ ಒಂದು ವಾರ ನಿಲ್ಲಿಸಿ, ಈಗ 500 ಮಿಲಿಗ್ರಾಂ ಎರಡು ಬಾರಿಗೆ ಇಳಿಸಿದ್ದಾರೆ. ಭೇದಿ ನಾಲ್ಕೇ ದಿನದಲ್ಲಿ ನಿಂತಿತು. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಕ್ರಿಯಾಟಿನಿನ್ 1.1ರಲ್ಲೇ ಇದೆ. ಅಟೊರ್ವಾಸ್ಟಾಟಿನ್ ಬರೆದುಕೊಟ್ಟಿದ್ದಾರೆ. ಮೆಡಿಸಿನ್ ವಿಭಾಗದ ವೈದ್ಯರಿಗೆ ಹಸಿರು ಪುಸ್ತಕವನ್ನು ತೋರಿಸಿದಾಗ ನನ್ನ ಕೈ ನಡುಗುತ್ತಿತ್ತು, ಅವರು ಓದಿ, ಪಕ್ಕಕ್ಕಿಟ್ಟು, ಊಟದ ಬಗ್ಗೆ ಕೇಳಲು ಶುರುಮಾಡಿದರು. ಬೆಳಗಿನ ಊಟಕ್ಕೆ ನಾಲ್ಕು ರೊಟ್ಟಿ, ರಾತ್ರಿ ತಟ್ಟೆ ತುಂಬ ಅನ್ನ ತಿನ್ನುತ್ತಿದ್ದೆ, ಚಹಕ್ಕೆ ದಿನಕ್ಕೆ ಆರು ಬಾರಿ ಸಕ್ಕರೆ ಬೀಳುತ್ತಿತ್ತು. 41 ಕಿಲೊ ಇದ್ದ ದಿನಗಳಲ್ಲಿ “ಚೆನ್ನಾಗಿ ತಿನ್ನು” ಎಂದು ಎಲ್ಲರೂ ಹೇಳಿದ್ದನ್ನು ನಾನು ಈವರೆಗೆ ಪಾಲಿಸಿಕೊಂಡೇ ಬಂದಿದ್ದೆ. ಈಗ ಜೋಳದ ರೊಟ್ಟಿ ಎರಡು, ಕಾಳುಪಲ್ಯ ಹೆಚ್ಚು, ರಾತ್ರಿ ಅನ್ನ ಅರ್ಧ, ಚಹ ಸಕ್ಕರೆಯಿಲ್ಲದ್ದು. ಹೊಲಕ್ಕೆ ಬೈಕಿನ ಬದಲು ನಡೆದು ಹೋಗುತ್ತಿದ್ದೇನೆ, ಹೋಗಿ ಬರಲು ಐವತ್ತು ನಿಮಿಷ.

ಗೆಳೆಯರ ವಿಷಯದಲ್ಲಿ ವೈದ್ಯರ ಆತಂಕ ನಿಜವಾಗಿತ್ತು. ಅವರು ಎರಡು ತಿಂಗಳಿನಿಂದ ಗುಳಿಗೆ ಬಿಟ್ಟಿದ್ದರು. ಮುಂದಿನ ಸೋಮವಾರ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಟೆನೊಫೊವಿರ್ ಮೂಳೆಯನ್ನು ತೆಳ್ಳಗೆ ಮಾಡುತ್ತದೆಂದು ಕೇಳಿ ಕ್ಯಾಲ್ಸಿಯಂ ಮಾತ್ರೆ ತಂದಿದ್ದೇನೆ. ಅದನ್ನು ಟಿ.ಎಲ್.ಡಿ. ಜೊತೆಗೇ ನುಂಗಬಹುದೇ?

ಹಳೆಯ ಮೈಸೂರು ಕಡೆಯ ವೈದ್ಯ:

ಬರಿಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್ ಅನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಕ್ಯಾಲ್ಸಿಯಂ ನುಂಗುವುದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಟಿ.ಎಲ್.ಡಿ. ನುಂಗಿ. ಎದೆಯುರಿಗೆ ಅಂಗಡಿಯಲ್ಲಿ ಸಿಗುವ ಆಂಟಾಸಿಡ್ ವಿಷಯದಲ್ಲಿ ಮಾತ್ರ ಊಟದ ವಿನಾಯಿತಿ ಇಲ್ಲ, ಅಂತರ ಬಿಡಲೇಬೇಕು. ಕ್ಯಾಲ್ಸಿಯಂ ತಂದದ್ದಕ್ಕಿಂತ ಮೊದಲು ವಿಟಮಿನ್ ಡಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದಿತ್ತು, ಸೋಮವಾರ ಹೋದಾಗ ಅದನ್ನೂ ಕೇಳಿ. ನಿಮ್ಮ ಗೆಳೆಯರಿಗೆ ಎರಡು ತಿಂಗಳ ವಿರಾಮದ ಮೇಲೆ ತಾವಾಗಿಯೇ ಹಳೆಯ ಗುಳಿಗೆಯನ್ನು ಶುರುಮಾಡಬೇಡಿರೆಂದು ಹೇಳಿ. ಕೆಮ್ಮು, ಜ್ವರ, ರಾತ್ರಿ ಬೆವರು ಇದೆಯೇ ಎಂದು ಕೇಂದ್ರದಲ್ಲಿ ಮೊದಲು ವಿಚಾರಿಸಿ, ಕ್ಷಯದ ಪರೀಕ್ಷೆ ಮಾಡಿಯೇ ಮತ್ತೆ ಶುರುಮಾಡುತ್ತಾರೆ.